ಆನೆಯ ಕಾಲಡಿ

ಮೊದಲು ಮೀನಿನ ಪೆಟ್ಟಿಗೆ.
ಐಸು ಕರಗಿ ಖಾಲಿಯಾದ ಥರ್ಮಾಕೋಲು,
ಅಂಗಡಿಯ ಹುಡುಗ ಹತ್ತು ರೂಪಾಯಿಗೆ ಕೊಟ್ಟ.
ನಿಂಬೆಸಿಪ್ಪೆ ಹಾಕಿ ಎರಡು ಸಲ ತಿಕ್ಕಿದರೂ
ಒಳಗೆ ಇನ್ನೂ ಸಮುದ್ರ.
ಮೂರು ಮಗ್ಗುಲಿಗೆ ಕಿಟಕಿ ಕೊರೆದೆ.
ಬ್ಲೇಡಿಗೆ ಉದುರಿದ ಬಿಳಿ ಕಾಳು
ಕೂದಲಿಗೆ, ಕಾಫಿಗೆ, ಬೆಕ್ಕಿನ ಮೀಸೆಗೆ.

ಕಿಟಕಿಗೆ ಏನು ಹೊದಿಸುವುದು?
ಎಣ್ಣೆ ಕ್ಯಾನು ಸೀಳಿ ಕಟ್ಟಿದೆ: ಬೆಳಕಿಗೆ ಕಾಮಾಲೆ.
ಸೊಳ್ಳೆಪರದೆ: ಹಲಗೆಯ ಮೇಲೆಲ್ಲ ಚೌಕುಳಿ.
ಬೇಕರಿಯ ಬೆಣ್ಣೆಕಾಗದ ಅಷ್ಟೇನೂ ಕೆಟ್ಟದಲ್ಲ,
ಆದರೆ ಬಲ್ಬಿನ ಶಾಖಕ್ಕೆ ಸುಕ್ಕಾಯಿತು;
ಆ ಸುಕ್ಕನ್ನು ಪಾಲಿಶು ಒಂದೂ ಬಿಡದೆ ಒಪ್ಪಿಸಿತು,
ಪಾಠ ಬಾಯಿಗೆ ಬಂದ ಹುಡುಗಿಯ ಹಾಗೆ.
ಕೊನೆಗೆ ಭಾವನ ಹಳೆಯ ಪಂಚೆ,
ಒಗೆದೊಗೆದು ಉಸಿರಿನಷ್ಟು ತೆಳ್ಳಗಾದದ್ದು.
ಹಂಚಿಕಡ್ಡಿಗೆ ಬಿಗಿದು ಬಟ್ಟೆ ಕ್ಲಿಪ್ಪು ಕಚ್ಚಿಸಿದೆ.
ನೀಲಿ ಹಾಕಿದ ಪಂಚೆ ಬೇಡ, ಹೇಳಿರುತ್ತೇನೆ.
ಕಣ್ಣಿಗೆ ಅದು ಬೆಳ್ಳಗೆ; ಫೋನಿಗೆ,
ಶೀತ ಹಿಡಿದ ಮಗುವಿನ ತುಟಿ.
ಇಷ್ಟು ತಿಳಿಯಲು ನನಗೊಂದು ಭಾನುವಾರ ಹೋಯಿತು.

ಖಲಂದರ್ ಸಾಬರು ತಾವಾಗಿ ಕೇಳಿದವರಲ್ಲ.
ಮಂಡಿ ಮೊಹಲ್ಲಾದ ಓಣಿಯಲ್ಲಿ
ನಮ್ಮದು ಮಹಡಿ, ಕೆಳಗೆ ಅವರ ಗರಗಸ.
ಸೊಸೆ ಮುಬೀನಾ ಮೆಟ್ಟಿಲು ಹತ್ತಿ ಬಂದು
ದುಪಟ್ಟಾದೊಳಗಿಂದ ಹಲಗೆ ತೆಗೆದಿಟ್ಟಳು:
"ದೂರದ ಗಿರಾಕಿ ಫೋಟೋ ನೋಡಿಯೇ ಕೊಳ್ಳೋದು, ಅಕ್ಕಾ.
ನಾನು ತೆಗೆದರೆ ನನ್ನ ಮೂಗೇ ಬೀಳುತ್ತೆ ಅದರಲ್ಲಿ."

ಮೊದಲ ದಿನ ನಾನೂ ಬರೀ ಬಲ್ಬಿನಡಿ ಹಿಡಿದಿದ್ದೆ.
ಹಲಗೆಯ ಹಿಂದೆ ಇನ್ನೊಂದು ಹಲಗೆ, ಮಸಿಯದು;
ಪಾಲಿಶಿನಲ್ಲಿ ನನ್ನ ಮುಖ, ಮುಖದ ಹಿಂದೆ
ಗೋಡೆಗೆ ಒರಗಿದ ಗ್ಯಾಸ್ ಸಿಲಿಂಡರು.
ಯಾರು ಕೊಳ್ಳುತ್ತಾರೆ, ಸಿಲಿಂಡರಿನ ಸಮೇತ?

ಬೀಟೆ ಹಲಗೆ, ಎರಡು ಅಂಗೈಯಗಲ.
ಒಳಗೆ ಕೂಡಿಸಿದ್ದು ಒಂದು ಮಧ್ಯಾಹ್ನ:
ಸೂರ್ಯನಿಗೆ ಹಲಸು, ಎಲೆಗೆ ಸಂಪಿಗೆ,
ದಂತಕ್ಕೆ ಹಾಲೆ, ದಾರಿಗೆ ತೇಗ,
ದಾರಿಯ ನಡುವೆ ಆನೆ,
ಯಾವ ಮೆರವಣಿಗೆಗೂ ಸೇರದ್ದು,
ಸುಮ್ಮನೆ ಕಿವಿ ಬೀಸಿಕೊಂಡು ನಿಂತದ್ದು.

ಇಡ್ಲಿ ಪಾತ್ರೆಗೆ ಫೋನು ಒರಗಿಸಿ ದೀಪ ಹಾಕಿದೆ.
ಪಂಚೆ ಬೆಳಕನ್ನು ಸೋಸಿತು, ಕಾಯಿಹಾಲಿನ ಹಾಗೆ,
ಚರಟ ಆಚೆಗೇ ಉಳಿಸಿಕೊಂಡು.
ಹಲಗೆಯಂಚಿನ ನೆರಳು ಹೋಯಿತು.
ಪಾಲಿಶಿನೊಳಗಿದ್ದ ಬಲ್ಬು ಹೋಯಿತು, ಸಿಲಿಂಡರು ಹೋಯಿತು,
ನಾನೂ ಹೋದೆ.
ಒಂದು ಮಾತ್ರ ಹೋಗಲೊಲ್ಲದು:
ಆನೆಯ ಕಾಲಡಿ, ಬಲಕ್ಕೆ ವಾಲಿದ
ಕಂದು ಪಟ್ಟಿ, ಹುಣಸೆಬೀಜದ ಬಣ್ಣ.

ಪಂಚೆ ಎರಡು ಮಡಿಕೆ ಮಾಡಿದೆ.
ಬಲಗಡೆ ಇನ್ನೊಂದು ಬಲ್ಬು ತೂಗಿದೆ.
ಎಡಕ್ಕೆ ಬಿಸ್ಕತ್ತಿನ ಬೆಳ್ಳಿಹಾಳೆ.
ಹಲಗೆಯನ್ನೇ ತಿರುಗಿಸಿದೆ; ನೆರಳೂ ತಿರುಗಿತು.
ರಾತ್ರಿ ಹನ್ನೊಂದಕ್ಕೆ, ಸೋತು, ಒರೆಸಿಬಿಡುವವಳಂತೆ
ಬೆರಳಿಟ್ಟೆ.
ಮರ.

ಬೆಳಿಗ್ಗೆ ಕೆಳಗಿಳಿದು ಹೇಳಿದೆ.
ಸಾಬರು ನಗಲಿಲ್ಲ. ಕನ್ನಡಕ ಹಣೆಗೇರಿಸಿ,
"ನೆರಳಿಗೆ ಮರ ಸಿಕ್ಕೋದೇ ಕಷ್ಟ ಕಣಮ್ಮಾ" ಅಂದರು.
"ಕರಿಮರ ಇಟ್ಟರೆ ಗುಂಡಿ ಥರ ಕಾಣುತ್ತೆ, ಆನೆ ಬಿದ್ದೋಗುತ್ತೆ.
ತಿಂಗಳು ಹುಡುಕಿದೆ. ಆಮೇಲೆ
ಕೆಡವಿದ ಕುದುರೆಲಾಯದ ಬಾಗಿಲಲ್ಲಿ ಸಿಕ್ತು ಒಂದು ಚೂರು.
ಅದು ಮೂರೂವರೆ ಗಂಟೆ ನೆರಳು.
ಅದಿಲ್ಲದಿದ್ದರೆ ಆನೆ ನೆಲಕ್ಕೆ ಇಳಿಯೋದೇ ಇಲ್ಲ."

ಫೋಟೋ ಹಾಗೇ ಕಳಿಸಿದೆವು.
ಗಿರಾಕಿಯ ಉತ್ತರ ಬಂತು: ಚೆನ್ನಾಗಿದೆ,
ಕಾಲಿನ ಹತ್ತಿರ ನೆರಳೊಂದು ಉಳಿದಿದೆ, ತೆಗೆಯಿರಿ.

ಮುಬೀನಾ ಇನ್ನೂ ಯೋಚಿಸುತ್ತಿದ್ದಾಳೆ, ಏನು ಬರೆಯಲೆಂದು.
ಪೆಟ್ಟಿಗೆಯಲ್ಲಿ ಈಗ ಬೆಕ್ಕು ಮಲಗಿದೆ,
ಹಳೆಯ ಮೀನಿನ ವಾಸನೆಗೆ ಮೂಗೊತ್ತಿ.
ದೀಪ ಆರಿಸಿಲ್ಲ. ಸುತ್ತ ಎಲ್ಲೂ ನೆರಳಿಲ್ಲ;
ಹೊಟ್ಟೆಯಡಿ ಮಾತ್ರ, ಕೂದಲೆಳೆಯಷ್ಟು,
ಉಸಿರಿಗೊಮ್ಮೆ ಬಂದು ಹೋಗುತ್ತದೆ.